ಅತ್ತೆಯ ಕಾಲಳತೆ

ನನ್ನ ವಾರಗಿತ್ತಿ ಜೂರಾ ನಮ್ಮ ದೇಶದ ರಾಜಧಾನಿ ಬಿಷ್ಕೆಕ್‌ಗೆ ಹೋಗಿ ವ್ಯಾಪಾರದ ಪಾಠ ಹೇಳಿಸಿಕೊಂಡು ಬಂದಳು. ಲೋಕದಲ್ಲಿ ಕಂಪನಿಗಳು ಹೇಗೆ ನಡೆಯುತ್ತವೆ ಎಂದು ಹಳ್ಳಿ ಹೆಂಗಸರಿಗೆ ತಿಳಿಸಿಕೊಡುವ ತರಗತಿಯಂತೆ. ವ್ಯಾನಿನಿಂದ ಇಳಿದವಳು ಕೈಕಾಲು ತೊಳೆಯುವ ಮೊದಲೇ ನಮ್ಮನ್ನೆಲ್ಲ ಕೂರಿಸಿಕೊಂಡು ಶುರುಮಾಡಿದಳು.

"ಉಣ್ಣೆ ನಮ್ಮದು, ಬಣ್ಣ ಚೀನಾದ್ದು, ಜೋಡಿನ ತಳಕ್ಕೆ ಹಾಕೋ ಚರ್ಮ ತುರ್ಕಿದು, ಹಾಕ್ಕೊಳ್ಳೋ ಕಾಲು ಇನ್ಯಾವ್ದೋ ದೇಶದ್ದು. ಎಲ್ಲಿ ಸಲೀಸೋ ಅಲ್ಲಿ ಮಾಡಿಸ್ತಾರೆ. ತಂಟೆ ಬಂತು ಅಂದ್ರೆ ಎದ್ದು ಇನ್ನೊಂದು ಕಡೆ ಹೋಗ್ತಾರೆ. ಅದೇ ವ್ಯಾಪಾರ."

"ಎದ್ದು ಹೋಗೋಕೆ ಅವ್ರೇನು ನಮ್ಮ ಗಂಡಂದಿರೇನೇ?" ಎಂದಳು ಪಕ್ಕದ ಮನೆಯ ಕೆಂಜೆ. ನಾವು ಬಿದ್ದು ಬಿದ್ದು ನಕ್ಕೆವು. ನಮ್ಮೂರಿನ ಗಂಡಸರಲ್ಲಿ ಅರ್ಧ ಜನ ಮಾಸ್ಕೋದಲ್ಲಿದ್ದರು.

ಜೂರಾಳ ಗಂಡ, ಅಂದರೆ ನನ್ನ ಮೈದುನ ಕುಬಾತ್ ಕೂಡ ಅಲ್ಲೇ ಇದ್ದ. ಚಳಿಗಾಲದಲ್ಲಿ ಎತ್ತರದ ಕಟ್ಟಡಗಳ ಮಾಡು ಹತ್ತಿ ಹಿಮ ತಳ್ಳುವ ಕೆಲಸ. ಸೊಂಟಕ್ಕೊಂದು ಹಗ್ಗ ಕಟ್ಟಿರುತ್ತಾರೆ. ಅವನ ಜೊತೆಯವನೊಬ್ಬ ಹಗ್ಗ ಇದ್ದೂ ಬಿದ್ದು ಸತ್ತಿದ್ದ. ಅಂದಿನಿಂದ ಜೂರಾಳಿಗೆ ಒಂದೇ ಜಪ, ಹೇಗಾದರೂ ಮಾಡಿ ಗಂಡನನ್ನು ನೆಲದ ಮೇಲೆ ತಂದು ನಿಲ್ಲಿಸಬೇಕು.

ಅವಳ ಬಳಿ ಇದ್ದದ್ದು ಅವಳ ಕೈ. ಮನೆಯೊಳಗೆ ಹಾಕಿಕೊಳ್ಳುವ ಉಣ್ಣೆಯ ಜೋಡನ್ನು ಅವಳಷ್ಟು ಚೆನ್ನಾಗಿ ನಮ್ಮ ಕಣಿವೆಯಲ್ಲಿ ಯಾರೂ ಮಾಡುತ್ತಿರಲಿಲ್ಲ. ಮೊದಲ ಜೋಡಿಗೆ ಅಳತೆ ಬೇಕಾದಾಗ ಅತ್ತೆ ಸಾಯ್ಕಾಲ್ ಅವರ ಕಾಲನ್ನೇ ಕಾಗದದ ಮೇಲೆ ಇಡಿಸಿ ಸುತ್ತ ಗೆರೆ ಎಳೆದಿದ್ದಳು. ಅತ್ತೆಯ ಎಡಗಾಲಿನ ಹೆಬ್ಬೆರಳ ಪಕ್ಕ ಒಂದು ಗಂಟು. ಅದಕ್ಕೆ ಜಾಗ ಬಿಟ್ಟು ಎಡದ್ದನ್ನು ಅಲ್ಲಿ ಕೊಂಚ ಉಬ್ಬಿಸಿ ಕತ್ತರಿಸಿದ್ದಳು. ಮೇಲೆ ಟಗರಿನ ಕೊಂಬಿನ ಚಿತ್ತಾರ. ಅದೇ ಅಳತೆ, ಅದೇ ಉಬ್ಬು ಮಾದರಿಯಾಗಿ ದೂರದ ದೇಶದ ಒಂದು ಕಂಪನಿಗೆ ಹೋಯಿತು, ಅವರಿಗೆ ಹಿಡಿಸಿತು. ಮೊದಲ ವರ್ಷದ ಮಾಲು ಹೋದ ಮೇಲೆ ಕಂಪನಿ ಹೇಳಿಕಳಿಸಿತು: ನಮ್ಮವರು ಬಂದು ಕೆಲಸ ನೋಡುತ್ತಾರೆ, ಸರಿಯಿದ್ದರೆ ಹಲವು ವರ್ಷಕ್ಕೆ ಒಪ್ಪಂದ.

"ಒಪ್ಪಂದ ಆದ ದಿನಾನೇ ಟಿಕೆಟ್ ತಗೋತೀನಿ," ಎಂದು ಕುಬಾತ್ ಫೋನಿನಲ್ಲಿ ಹೇಳಿದ್ದನ್ನು ಜೂರಾ ನನಗೆ ಎಷ್ಟು ಸಲ ಹೇಳಿದಳೋ ಏನೋ.

ತೊಡಕು ಇದ್ದದ್ದು ಒಂದೇ. ಕತ್ತರಿಸಿ ಹೊಲಿಯುವುದು ನಾವಿಬ್ಬರೇ ಮಾಡಬಹುದು. ಆದರೆ ಉಣ್ಣೆ ಹರಡಿ, ಕುದಿನೀರು ಸುರಿದು, ಚಾಪೆಯಲ್ಲಿ ಸುತ್ತಿ, ಮೊಳಕೈ ಊರಿ ಒತ್ತಿ ಒತ್ತಿ ಗಟ್ಟಿ ಮಾಡುವುದಕ್ಕೆ ಹತ್ತು ಜನರ ತೋಳು ಬೇಕು. ಅದಕ್ಕೆ ನಮ್ಮಲ್ಲಿ ಅಶಾರ್ ಕರೆಯುತ್ತಾರೆ, ಮುಯ್ಯಾಳಿನ ಕೆಲಸ. ಕರೆದ ಮನೆಗೆ ಎಲ್ಲರೂ ಹೋಗುತ್ತಾರೆ, ಹೊಟ್ಟೆ ತುಂಬ ಉಣ್ಣುತ್ತಾರೆ, ಹಾಡುತ್ತಾರೆ, ಬರುತ್ತಾರೆ. ನಾಳೆ ಇವರ ಮನೆಗೆ ಅವರು. ಅದಕ್ಕೆ ದುಡ್ಡು ಕೊಡುವುದೆಂದರೆ ಮುಖಕ್ಕೆ ಉಗಿದ ಹಾಗೆ.

ಜೂರಾ ಕೊಡಲು ಹೋಗಿ ಉಗಿಸಿಕೊಂಡಳು. ಕೆಂಜೆ ಆ ನೋಟುಗಳನ್ನು ಜೂರಾಳ ಹಿಟ್ಟಿನ ಡಬ್ಬಕ್ಕೇ ತುರುಕಿದಳು. "ನಿಮ್ಮ ಮಾವ ಸತ್ತಾಗ ಅವರನ್ನ ಮಲಗಿಸೋಕೆ ಅಂಗಳದಲ್ಲಿ ಡೇರೆ ಎತ್ತಿ ಕಟ್ಟಿದ್ದು ನಾನು. ಅದಕ್ಕೆಷ್ಟು ಕೊಡ್ತೀಯೇ, ಸಾಹುಕಾರ್ತಿ? ಹೆಣಕ್ಕೆ ಬೇರೆ ರೇಟಾ?"

ಆಮೇಲೆ ಜೂರಾ ಕೆಂಜೆಯ ಆಲೂಗಡ್ಡೆ ಅಗೆದಳು, ಇನ್ನೊಬ್ಬಳ ಗೋಡೆಗೆ ಸುಣ್ಣ ಬಳಿದಳು, ಮತ್ತೊಬ್ಬಳ ಕುರಿಗಳ ಉಣ್ಣೆ ಕತ್ತರಿಸಿದಳು. ಯಾರ ಋಣವನ್ನೂ ಅವಳು ಇಟ್ಟುಕೊಳ್ಳಲಿಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ.

ನೋಡಲು ಬರುವವರು ಕೂಲಿಯ ವಿಷಯ ಕೇಳಿಯೇ ಕೇಳುತ್ತಾರೆ ಎಂದು ಅವಳಿಗೆ ತರಗತಿಯಲ್ಲಿ ಹೇಳಿಕೊಟ್ಟಿದ್ದರು. ಅವರು ಬರುವ ಹಿಂದಿನ ದಿನ ಎಲ್ಲರ ಕೈಹಿಡಿದು ಬೇಡಿಕೊಂಡಳು. "ಕೂಲಿ ಸಿಗುತ್ತೆ ಅಂದುಬಿಡಿ. ಒಂದೇ ಮಾತು." ಹೆಂಗಸರು ಗೊಣಗಿಕೊಂಡು ಒಪ್ಪಿದರು. ಅತ್ತೆ ಒಪ್ಪಲಿಲ್ಲ.

"ಹಾಗಾದ್ರೆ ನೀವು ನಾಳೆ ಕೆಂಜೆ ಮನೇಲಿ ಕೂತಿರಿ ಅತ್ತೆ."

"ನನ್ನ ಮನೆಗೆ ದೂರದಿಂದ ನೆಂಟರು ಬರ್ತಾರೆ, ನಾನು ಪಕ್ಕದ ಮನೇಲಿ ಬಚ್ಚಿಟ್ಕೊಳ್ಳಾ? ಬಾಯಿ ಮುಚ್ಕೊಂಡಿರ್ತೀನಿ, ಹೋಗು."

ಬಂದವಳು ಬೆಳ್ಳಗೆ ತೆಳ್ಳಗಿದ್ದ ಒಬ್ಬ ಹುಡುಗಿ. ಜೊತೆಗೆ ಮಾತು ತಿರುಗಿಸಿ ಹೇಳಲು ಬಿಷ್ಕೆಕ್‌ನ ಒಬ್ಬ ಯುವಕ. ನಾವು ಕುರಿ ಕಡಿದಿದ್ದೆವು. ಅವಳು ಮಾಂಸ ಮುಟ್ಟಲಿಲ್ಲ, ಚಹಾ ಕುಡಿದಳು, ಕರಿದ ಹಿಟ್ಟಿನ ಬೋರ್ಸೋಕ್ ಒಂದು ಮುರಿದಳು, ಕೆಲಸ ನೋಡಬೇಕು ಎಂದಳು. ಚಾಪೆಯ ಮುಂದೆ ಮಂಡಿಯೂರಿ ಕೂತಿದ್ದ ನಮ್ಮ ಸಾಲಿನಲ್ಲಿ ಅವಳ ಕಣ್ಣು ನೇರ ಅತ್ತೆಯ ಮೇಲೆ ಹೋಯಿತು. ಎಪ್ಪತ್ತು ದಾಟಿದ ಮುದುಕಿ, ಬಿಸಿನೀರಿಗೆ ಮೊಳಕೈವರೆಗೂ ಕೆಂಪೇರಿದ ತೋಳು.

"ಅಜ್ಜಿ, ನಿಮಗೆ ಕೂಲಿ ಎಷ್ಟು ಕೊಡ್ತಾರೆ ಅಂತ ಕೇಳ್ತಿದ್ದಾರೆ," ಎಂದ ಯುವಕ.

"ಕೊಡ್ತಾರೆ ಕಣಪ್ಪ, ಎಲ್ಲರಿಗೂ ಕೊಡ್ತಾರೆ," ಎಂದು ಕೆಂಜೆ ಬಾಯಿ ಹಾಕಿದಳು.

ಹುಡುಗಿ ನಕ್ಕು, ಅಜ್ಜಿಯೇ ಹೇಳಲಿ ಎಂದು ಕೈಸನ್ನೆ ಮಾಡಿದಳು. ಜೂರಾ ಅತ್ತೆಯನ್ನು ನೋಡಿದಳು. ಅಂಥ ನೋಟಕ್ಕೆ ಕಲ್ಲಾದರೂ ಕರಗಬೇಕಿತ್ತು.

ಅತ್ತೆ ಎದ್ದು ನಿಂತು ಕೈ ಒರೆಸಿಕೊಂಡರು. "ನನ್ನ ಮಗನ ಮನೇಲಿ ನಾನು ಕೂಲಿಯೋಳೇನೋ? ಇಲ್ಲಿ ಯಾರೂ ಒಂದು ಕಾಸು ಮುಟ್ಟಿಲ್ಲ. ಈ ಕೆಂಜೆ ಸುಳ್ಳಿ, ಇವಳಮ್ಮನೂ ಸುಳ್ಳಿಯೇ. ಕರೆದ್ರೆ ಬರ್ತೀವಿ, ಅಷ್ಟೇ. ಹಾಗೇ ಹೇಳು ಅವಳಿಗೆ."

"ಕರೆದಾಗ ಬರದೇ ಇದ್ರೆ?" ಹುಡುಗಿಯ ಪ್ರಶ್ನೆಯನ್ನು ಯುವಕ ತಿರುಗಿಸಿ ಹೇಳಿದ.

"ಬರದೇ ಇರೋದು ಅಂದ್ರೇನು? ಆಮೇಲೆ ಊರಲ್ಲಿ ತಲೆಯೆತ್ತಿ ಓಡಾಡೋಕಾಗುತ್ತಾ?" ಎಂದರು ಅತ್ತೆ.

"ಜೂರಾ ನಮ್ಮಕ್ಕನ ಆಲೂಗಡ್ಡೆ ಅಗೆದುಕೊಡ್ತಾಳೆ, ಅದನ್ನೂ ಹೇಳಪ್ಪ!" ಎಂದು ಕೆಂಜೆಯ ತಂಗಿ ಕೂಗಿದಳು. ಯುವಕ ಅದನ್ನೂ ಹೇಳಿದನೋ ಬಿಟ್ಟನೋ. ಹುಡುಗಿಯ ಕಣ್ಣಲ್ಲಿ ಆಗಲೇ ನೀರು ತುಂಬಿತ್ತು. ಅತ್ತೆಯ ಕೆಂಪು ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಏನೋ ಹೇಳಿ ಕಾರು ಹತ್ತಿದಳು.

"ನೋಡಿದ್ರಾ, ಹುಡುಗಿ ಕರಗಿಹೋದ್ಲು," ಎಂದು ಅತ್ತೆ ಸಂಜೆಯವರೆಗೂ ಬೀಗಿದರು.

ಕೆಲವೇ ದಿನಕ್ಕೆ ಆ ಯುವಕನ ಫೋನು ಬಂತು. ಕೂಲಿಯಿಲ್ಲದೆ ದುಡಿಸುತ್ತೀರಿ, ಹೆದರಿಸಿ ಕರೆಸುತ್ತೀರಿ, ಮುದುಕಿಯರನ್ನೂ ಬಿಡುವುದಿಲ್ಲ. ಇಂಥ ಮಾಲು ಕಂಪನಿಗೆ ಬೇಡವಂತೆ. ಆ ಜೋಡಿನ ಕೆಲಸವನ್ನು ಬೇರೆ ದೇಶದ ಒಂದು ಕಾರ್ಖಾನೆಗೆ ಕೊಟ್ಟಾಗಿದೆಯಂತೆ. ಬಹಳ ಬೇಸರವಾಗಿದೆಯಂತೆ ಅವರಿಗೆ.

ಜೂರಾ ಫೋನು ಕೆಳಗಿಟ್ಟು ಅತ್ತೆಯ ಮುಂದೆ ನಿಂತಳು. "ನಿಮ್ಮ ಮಾನ ಉಳೀತು ಅತ್ತೆ. ನಿಮ್ಮ ಮಗ ಅಲ್ಲಿ ಹಗ್ಗದಲ್ಲಿ ನೇತಾಡ್ತಿರ್ಲಿ."

"ಸುಳ್ಳು ಹೇಳಿ ಮಾಡೋ ವ್ಯಾಪಾರ ಹೋದದ್ದೇ ಒಳ್ಳೇದು. ಅಷ್ಟು ಸಂಕಟ ಆದ್ರೆ ನೀನೂ ಹೋಗಿ ಹಗ್ಗ ಹಿಡ್ಕೋ."

ಅವಳು ಹೋಗಿಯೇಬಿಟ್ಟಳು. ಇನ್ನೂ ಶಾಲೆಗೆ ಸೇರದ ಮಗಳನ್ನು ನನ್ನ ಮಡಿಲಿಗೆ ಹಾಕಿ, ಮಾಸ್ಕೋದ ಒಂದು ದೊಡ್ಡ ಗೋದಾಮಿನಲ್ಲಿ ಸಾಮಾನು ಕಟ್ಟುವ ಕೆಲಸಕ್ಕೆ ಸೇರಿದಳು. ಆ ಮಗು ಮೊದಮೊದಲು ವ್ಯಾನಿನ ಸದ್ದಾದರೆ ಬಾಗಿಲಿಗೆ ಓಡುತ್ತಿತ್ತು. ಈಗ ಓಡುವುದಿಲ್ಲ. ನನಗೆ ಅತ್ತೆಯನ್ನು ಕಂಡರೆ ಮೈ ಉರಿಯುತ್ತದೆ, ಆ ಕರಗಿದ ಹುಡುಗಿಯನ್ನು ನೆನೆದರೆ ಇನ್ನೂ ಹೆಚ್ಚು ಉರಿಯುತ್ತದೆ.

ಚಳಿಗಾಲದಲ್ಲಿ ಊರಿಗೆ ಬಂದ ಯಾರದೋ ಕೈಯಲ್ಲಿ ಜೂರಾ ಒಂದು ಪೊಟ್ಟಣ ಕಳಿಸಿದಳು. ಜೊತೆಗೆ ನನ್ನ ಫೋನಿಗೆ ದನಿ ಮುದ್ರಿಸಿ ಕಳಿಸಿದ್ದಳು: "ಅಕ್ಕ, ಮೊನ್ನೆ ನಾನು ಕಟ್ಟೋ ಸಾಮಾನಲ್ಲಿ ಇವು ಪೆಟ್ಟಿಗೆಗಟ್ಟಲೆ ಬಂದ್ವು. ಒಂದು ಜೋಡಿ ದುಡ್ಡು ಕೊಟ್ಟು ತಗೊಂಡೆ. ಅತ್ತೆಗೆ ಹಾಕಿ ನೋಡಿ."

ಉಣ್ಣೆಯ ಜೋಡು. ಟಗರಿನ ಕೊಂಬು. ಎಡಗಾಲಿನದ್ದು ಹೆಬ್ಬೆರಳ ಪಕ್ಕ ಕೊಂಚ ಉಬ್ಬಿತ್ತು.

ನಾನೇ ಬಗ್ಗಿ ಅತ್ತೆಗೆ ತೊಡಿಸಿದೆ. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅತ್ತೆ ಎರಡು ಹೆಜ್ಜೆ ನಡೆದು, ಬೆರಳಿನಿಂದ ಒತ್ತಿ ನೋಡಿದರು. "ಉಣ್ಣೆ ಸರಿಯಾಗಿ ಒತ್ತಿಲ್ಲ. ಆದ್ರೂ ಕಾಲಿಗೆ ಹಿತವಾಗಿದೆ. ಒಳಗೇನೋ ಚೀಟಿ ಇತ್ತಲ್ಲ, ಏನಂತೆ?"

ನಾನು ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಿದೆ: "ಇದನ್ನು ಮಾಡಿದ ಪ್ರತಿಯೊಬ್ಬರಿಗೂ ನ್ಯಾಯವಾದ ಕೂಲಿ ಕೊಡಲಾಗಿದೆ."

ಅತ್ತೆ ಬಗ್ಗಿ ಎಡಗಾಲಿನ ಉಬ್ಬನ್ನು ಸವರಿದರು.

"ಪಾಪ," ಎಂದರು, "ಕರೆದ್ರೆ ಬರೋರು ಯಾರೂ ಇಲ್ವೇನೋ, ಇದನ್ನ ಮಾಡಿಸ್ದೋರಿಗೆ."