ಅರ್ಧರ್ಧ ಗುಳಿಗೆ

"ಕಹಿ ಇರೋದೇ ಖರೇ ಗುಳಗಿ ರೀ ಅಕ್ಕಾ, ನಮ್ಮ ಓಣ್ಯಾಗ ಎಲ್ಲಾರಿಗೂ ಗೊತ್ತದ," ಎಂದು ಗಂಗಾ ನಕ್ಕುಬಿಟ್ಟಳು.

ಕಗ್ಗದಾಸಪುರದ ಆ ಕ್ಲಿನಿಕ್ಕಿನಲ್ಲಿ ಮಂಡಿನೋವಿನ ಹೊಸ ಗುಳಿಗೆಯೊಂದರ ಪರೀಕ್ಷೆ ನಡೆದಿತ್ತು. ಅರ್ಧ ಜನಕ್ಕೆ ನಿಜವಾದ ಔಷಧಿ, ಇನ್ನರ್ಧಕ್ಕೆ ಅದೇ ಬಣ್ಣದ ಬರೀ ಹಿಟ್ಟು. ಯಾರಿಗೆ ಯಾವುದೆಂದು ಯಾರಿಗೂ ತಿಳಿಯಕೂಡದು. ಗುಟ್ಟು ಉಳಿದಿದೆಯೇ ಎಂದು ಒಬ್ಬೊಬ್ಬರನ್ನೇ ಕೇಳಿ ನೋಡುವುದು ಅಂಕಿಅಂಶ ನೋಡಿಕೊಳ್ಳುವ ಯಮುನಾಳ ಕೆಲಸ; ಈಗ ಗಂಗಾಳ ಸರದಿ.

"ಹಂಗಾದ್ರೆ ನಿಮ್ದು ಯಾವ್ದು?"

"ನಂದು ಸಪ್ಪಗದ ರೀ. ಪಕ್ಕದ ಖೋಲಿ ಪೀರಮ್ಮಂದು ಕಹಿ. ಆಕಿ ಒಬ್ಬಾಕೇ ಗುಣ ಆದ್ರ ಹ್ಯಾಂಗ? ದಿನಾ ರೊಟ್ಟಿ ಮುರದಂಗ ಮುರದು ಅರ್ಧರ್ಧ ತಿಂತೀವಿ. ಓಣಿ ಮಂದಿ ಎಲ್ಲಾ ಹಂಗೇ."

ಗುಳಿಗೆ ಶುರುವಾದ ಮೇಲೆ ತಲೆಸುತ್ತಿ ಬೀಳುತ್ತಿರುವವರು ಎರಡೂ ಗುಂಪಿನಲ್ಲಿ ಸಮಸಮ ಇದ್ದಾರೆ, ಆದ್ದರಿಂದ ಅದು ಔಷಧಿಯ ದೋಷವಲ್ಲ ಎಂದು ಯಮುನಾಳೇ ಬೆಳಿಗ್ಗೆ ವರದಿ ಬರೆದಿದ್ದಳು. ನೋಡಿದರೆ, ಹಿಟ್ಟಿನ ಗುಂಪೂ ಔಷಧಿಯನ್ನೇ ತಿಂದಿತ್ತು.

"ಪೀರಮ್ಮ ಯಾಕೆ ಇವತ್ತು ಬಂದಿಲ್ಲ?"

"ನಿನ್ನಿ ಬಿದ್ದಿದ್ಳು ರೀ. ಇವತ್ತು ಎಷ್ಟು ಎಬ್ಬಿಸಿದ್ರೂ ಏಳ್ಲಿಲ್ಲ. ಮಲಗ್ಲಿ ಬಿಡು ಅಂತ ಬಾಗಿಲಾ ಮುಂದ ಮಾಡಿ ಬಂದೆ."

ಯಮುನಾ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಉರುಳಿತು.