ಚಾಪೆಯ ಕೆಳಗೆ

"ಒಳಗೆ ಎಷ್ಟು ಜನ ಇದೀರೋ? ಕೊಲ್ಲೋಕೆ ಬಂದಿದ್ದಷ್ಟೇ ಜನಾನಾ?" ಜಗಲಿಯಿಂದ ಯಾರೋ ಕೂಗಿದರು. ಸತ್ತ ಎಲಿಯಾನ ಸೋದರಮಾವನ ದನಿ ಅದು.

ಚಾಪೆಯೊಳಗೆ ಲಾಫಾಯಿ ಮಿಸುಕಲಿಲ್ಲ. ಅವನೂ ಕಿರಿಮಗ ಪೆನಿಯೂ ಎಲಿಯಾನ ಮನೆಯಂಗಳದಲ್ಲಿ ಮಂಡಿಯೂರಿ, ತಮ್ಮ ಮನೆತನದ ನುಣುಪಾದ ಕೇದಗೆ ಚಾಪೆಯನ್ನು ತಲೆಯ ಮೇಲೆ ಹೊದ್ದು ಮುಂಜಾವದಿಂದ ಕೂತಿದ್ದರು. ಎದುರಿಗೆ ಒಲೆಯ ಕಲ್ಲು, ಒಂದು ಹೊರೆ ಸೌದೆ. ಬೇಕಿದ್ದರೆ ನಮ್ಮನ್ನೇ ಸುಡಿ ಎನ್ನುವುದಕ್ಕೆ. ಊರಿನ ವಾಡಿಕೆಯಂತೆ, ಎಲಿಯಾನ ತಾಯಿ ಸೆಫಿನಾ ಬಂದು ಚಾಪೆ ಎತ್ತಿದರೆ ಕ್ಷಮಿಸಿದ ಹಾಗೆ. ಕೊಂದವನು, ಲಾಫಾಯಿಯ ಹಿರಿಮಗ ಮೊಸೆ, ರಾಜಧಾನಿ ಆಪಿಯಾದಲ್ಲಿ ಪೊಲೀಸರ ವಶದಲ್ಲಿದ್ದ.

ತನ್ನ ಕೆಸುವಿನ ತೋಟಕ್ಕೆ ನುಗ್ಗಿದ ಲಾಫಾಯಿಯ ಮನೆಯ ಹಂದಿಯನ್ನು ಎಲಿಯಾ ಕಡಿದದ್ದಕ್ಕೆ ಎದ್ದ ಜಗಳ. "ತಮ್ಮ ಬಿಡಿಸೋಕೆ ಬಂದಿದ್ದ" ಎಂದು ಮೊಸೆ ಹೇಳಿಕೆ ಕೊಟ್ಟಿದ್ದ. ಬೇರೆ ಯಾರೂ ನೋಡಿರಲಿಲ್ಲ. ವಕೀಲರು ಪೆನಿಯನ್ನು ಪಕ್ಕಕ್ಕೆ ಕರೆದು, "ಹೊಡೆದದ್ದು ಯಾರು ಅಂತ ಮಾತ್ರ ಕೋರ್ಟು ಕೇಳಲ್ಲಪ್ಪ. ಗೊತ್ತಿದ್ದೂ ಜೊತೆಗೆ ನಿಂತಿದ್ರೆ ನಿಂಗೂ ಅದೇ ಶಿಕ್ಷೆ. ಅಣ್ಣ ಹೇಳಿದ್ದಕ್ಕೆ ಏನನ್ನೂ ಸೇರಿಸಬೇಡ" ಎಂದಿದ್ದರು.

"ಅಪ್ಪಾ, ನಾನು ಬಿಡಿಸೋಕೆ ಹೋಗಿರ್ಲಿಲ್ಲ" ಎಂದು ಪೆನಿ ಪಿಸುಗುಟ್ಟಿದ.

"ಸುಮ್ನಿರೋ."

"ಎಲಿಯಾನ ಕೈ ಹಿಂದಕ್ಕೆ ಹಿಡ್ಕೊಂಡಿದ್ದೆ. ಅಣ್ಣ ಕಾಯಿ ಸುಲಿಯೋ ಗೂಟ ಕಿತ್ಕೊಂಡು ಹೊರಟಾಗ್ಲೇ ನಂಗೆ ಗೊತ್ತಾಗಿತ್ತು."

ಲಾಫಾಯಿ ಕಣ್ಣು ಮುಚ್ಚಿದ. ಗೂಟ ಕಿತ್ತದ್ದನ್ನು ಅವನೂ ಅಡುಗೆಮನೆಯ ಕಂಬಕ್ಕೆ ಒರಗಿ ನೋಡಿದ್ದ. ನಮ್ಮ ಮನೆಯವರು ಯಾವತ್ತೂ ಒಬ್ಬೊಬ್ಬರೇ ಹೋಗುವುದಿಲ್ಲ, ಮದುವೆಗಾಗಲಿ ಜಗಳಕ್ಕಾಗಲಿ. "ಅಣ್ಣನ್ನ ಒಬ್ಬನ್ನೇ ಕಳಿಸ್ತೀಯೇನೋ? ನೀನೂ ಹೋಗು" ಎಂದಿದ್ದ. ಊಟಕ್ಕೆ ಕೂತಿದ್ದ ಪೆನಿ ಕೈ ಒರೆಸಿಕೊಂಡು ಎದ್ದಿದ್ದ.

"ನಾನೇ ಅಲ್ವೇನೋ ಕಳಿಸಿದ್ದು" ಎಂದ ಲಾಫಾಯಿ.

ಹೊರಗೆ ಜಲ್ಲಿಯ ಮೇಲೆ ಹೆಜ್ಜೆಯ ಸದ್ದು. ಚಾಪೆಯ ಅಂಚು ಮೇಲೆದ್ದು ಬಿಸಿಲು ಒಮ್ಮೆಲೇ ಕಣ್ಣಿಗೆ ಹೊಡೆಯಿತು. ಸೆಫಿನಾ ಬಾಗಿ ನಿಂತಿದ್ದಳು. ಅತ್ತು ಅತ್ತು ಮುಖ ಊದಿತ್ತು.

"ಏಳಪ್ಪಾ" ಎಂದಳು ಪೆನಿಗೆ. "ನೀನಾದ್ರೂ ಬಿಡಿಸೋಕೆ ನೋಡಿದ್ಯಂತೆ. ಕಡೇ ಗಳಿಗೇಲಿ ನನ್ನ ಮಗನ ಹತ್ರ ಒಬ್ಬ ಒಳ್ಳೆಯವನಿದ್ದ ಅಂದ್ಕೊಂಡು ಸಮಾಧಾನ ಮಾಡ್ಕೋತಿದೀನಿ."

ಲಾಫಾಯಿಯ ಕೈ ಮಗನ ಮೊಣಕಾಲನ್ನು ಬಿಗಿಯಾಗಿ ಒತ್ತಿತು. ಆಮೇಲೆ ತಾನಾಗಿಯೇ ಸಡಿಲವಾಯಿತು.

"ಇಲ್ಲಮ್ಮಾ" ಎಂದ ಪೆನಿ. "ಅವನ ಕೈ ಹಿಡ್ಕೊಂಡಿದ್ದವನು ನಾನೇ."

"ಕಳಿಸಿದವನು ನಾನು" ಎಂದ ಲಾಫಾಯಿ, ನೆಲ ನೋಡುತ್ತ.

ಸೆಫಿನಾ ಪೆನಿಯ ಕೈಗಳನ್ನೇ ನೋಡಿದಳು. ಆಮೇಲೆ ಎತ್ತಿದ್ದ ಅಂಚನ್ನು ನಿಧಾನವಾಗಿ, ಸುಕ್ಕಾಗದಂತೆ, ಇಬ್ಬರ ತಲೆಯ ಮೇಲೂ ಇಳಿಬಿಟ್ಟಳು.

ಮತ್ತೆ ಕತ್ತಲು, ಒಣಗಿದ ಕೇದಗೆಯ ವಾಸನೆ. ನೇಯ್ಗೆಯ ಸಂದಿಯಲ್ಲಿ ಅವಳ ಬರಿಗಾಲು ಕಾಣುತ್ತಿತ್ತು. ಬಹಳ ಹೊತ್ತಾದರೂ ಅದು ಅಲ್ಲಿಂದ ಕದಲಲಿಲ್ಲ.