ಆರು ಮೂಟೆ ಜೇಡಿಮಣ್ಣು

ಮೂಟೆಯಲ್ಲಿ ಏನಿದೆ ಎಂದು ದೋಣಿಯವನು ಕೇಳಿದ. "ಜೇಡಿಮಣ್ಣು" ಎಂದ ಬಾವಿ ಮೇಸ್ತ್ರಿ.

"ಮಣ್ಣಾ?" ಹಗ್ಗ ಬಿಚ್ಚುತ್ತಿದ್ದ ದೋಣಿಯವನ ಕೈ ಅಲ್ಲಿಗೇ ನಿಂತಿತು. "ಆ ದ್ವೀಪಕ್ಕೆ ಅಕ್ಕಿ ಒಯ್ದಿದೀನಿ, ಸೀಮೆಎಣ್ಣೆ ಒಯ್ದಿದೀನಿ, ಒಂದ್ಸಲ ಆಡಿನ ಮರೀನೂ ಒಯ್ದಿದೀನಿ. ಮಣ್ಣು ಹೊತ್ಕೊಂಡು ಹೋಗೋರನ್ನ ಇದೇ ಮೊದಲು ನೋಡ್ತಿರೋದು. ಅಲ್ಲೂ ಕಾಲಿಡೋಕೆ ನೆಲ ಇದೆ ಮೇಸ್ತ್ರಿ, ಹೆದರಬೇಡಿ."

ಮೇಸ್ತ್ರಿ ನಗಲಿಲ್ಲ. ಆರು ಮೂಟೆಗಳ ಮೇಲೆ ಟಾರ್ಪಾಲು ಎಳೆದು, ನಾಲ್ಕು ಮೂಲೆಗೂ ಕಲ್ಲು ಹೇರಿ, ಪಕ್ಕದಲ್ಲೇ ಕುಳಿತ.

ಬಂದರು ದಾಟಿದ ಮೇಲೆ ಪ್ರವಾಸಿಗರ ದೋಣಿಗಳೆಲ್ಲ ಬಲಕ್ಕೆ ತಿರುಗಿ, ಬಣ್ಣದ ಛತ್ರಿಗಳಿದ್ದ ದ್ವೀಪಗಳ ಕಡೆ ಹೋದವು. ಇದೊಂದು ಎಡಕ್ಕೆ ತಿರುಗಿತು. ಹದಿನೈದು ದಿನಕ್ಕೊಮ್ಮೆ ಹೋಗುವ ದೋಣಿ. ಅಲ್ಲಿ ತಂಗಲು ಕೋಣೆಯಿಲ್ಲ, ಅಂಗಡಿಯಿಲ್ಲ, ದಡಕ್ಕೆ ಇಳಿಯಲು ಒಂದು ಮೆಟ್ಟಿಲೂ ಇಲ್ಲ. ಇರುವುದು ಹದಿನೆಂಟು ಮನೆ, ತೆಂಗು, ಮರಳು, ನಟ್ಟನಡುವೆ ಒಂದು ಬಾವಿ.

"ಹೋದ ಸಲ ನಿಮ್ಮನ್ನ ವಾಪಸ್ ಕರ್ಕೊಂಡು ಬರುವಾಗ ದಾರಿಯುದ್ದಕ್ಕೂ ಒಂದು ಮಾತೂ ಆಡಿರಲಿಲ್ಲ ನೀವು" ಎಂದ ದೋಣಿಯವನು. "ಮದುವೆಮನೆಗೆ ಹೋಗಿ ಉಣ್ಣದೇ ಬಂದವರ ಥರ ಇದ್ರಿ. ಈ ಸಲ ಹೋಗುವಾಗಲೇ ಹಂಗಿದೀರಿ."

ಆ ಹೋದ ಸಲಕ್ಕೆ ಒಂಬತ್ತು ವರ್ಷವಾಗಿತ್ತು. ಬೇಸಿಗೆಯಲ್ಲಿ ಬಾವಿಯ ನೀರು ಸಾಲುವುದಿಲ್ಲ, ಆಳ ಮಾಡಿಕೊಡಬೇಕು ಎಂದು ದ್ವೀಪದವರು ಅವನನ್ನು ಕರೆಸಿದ್ದರು. ಯಾವ ಮನೆಗೆ ದಿನಕ್ಕೆ ಎಷ್ಟು ಕೊಡ ಎಂದು ಎಣಿಸಿ ಕೊಡುವ ಹೆಂಗಸೊಬ್ಬಳಿದ್ದಳು. ಬಾವಿಯ ಹಗ್ಗ ಅವಳ ಮನೆಯಲ್ಲೇ ಇರುತ್ತಿತ್ತು. ಊರಿಗೆಲ್ಲ ಅವಳು ಎಣಿಕೆಯಮ್ಮ. ತಳದಲ್ಲಿ ಸುಣ್ಣದಂಥ ಬಿಳಿಯ ಗಟ್ಟಿ ಪದರ ಸಿಕ್ಕಿದಾಗ ಅವಳು ಕಟ್ಟೆಯಿಂದ ಬಗ್ಗಿ, "ಸಾಕು ತಮ್ಮಾ, ಅಲ್ಲಿಗೆ ನಿಲ್ಸು. ನಮ್ಮ ಹಿರಿಯರೂ ಅಲ್ಲಿಗೇ ನಿಲ್ಸಿದ್ರು" ಎಂದಿದ್ದಳು.

ಅವನಿಗೆ ನಗು ಬಂದಿತ್ತು. ಅವನ ಊರಿನ ಕಡೆ ಗಟ್ಟಿ ಪದರ ಸಿಕ್ಕಿತೆಂದರೆ ನೀರು ಅದರ ಕೆಳಗೇ. ನಲವತ್ತು ಬಾವಿ ತೋಡಿದ ಕೈ ಅದು. "ಎಣಿಸೋದು ನೀವು ನೋಡ್ಕೊಳ್ಳಿ ಅಕ್ಕ, ತೋಡೋದು ನನಗೆ ಬಿಡಿ" ಎಂದು ಹಾರೆ ಎತ್ತಿ ಹಾಕಿದ್ದ. ಪದರ ಒಡೆದು ನೀರು ಬುಗ್ಗೆಯಾಗಿ ಎದ್ದಿತು. ಊರಿಗೆ ಊರೇ ಬಾವಿಯ ಸುತ್ತ ಕುಣಿಯಿತು.

ಮರುದಿನ ಬೆಳಿಗ್ಗೆ, ಹೊರಡುವ ಮುಂಚೆ, ಮರೆತಿದ್ದ ಗುದ್ದಲಿಗಾಗಿ ಅವನೊಬ್ಬನೇ ಬಾವಿಗಿಳಿದ. ಮುಳುಗು ಹಾಕಿ, ತಾನು ಒಡೆದ ತೂತಿನ ಬಾಯಿಂದ ಬರುವ ನೀರನ್ನು ನಾಲಿಗೆಗೆ ತಾಗಿಸಿ ನೋಡಿದ. ಉಪ್ಪು. ಮೀಸೆಯ ಬೆವರಿರಬೇಕು ಎಂದುಕೊಂಡ. ಇನ್ನೊಮ್ಮೆ ನೋಡುವ ಧೈರ್ಯ ಬರಲಿಲ್ಲ. ಮೇಲಿನ ನೀರು ಇನ್ನೂ ಸಿಹಿಯಾಗೇ ಇತ್ತು. ಜನ ಅದನ್ನೇ ಕುಡಿದು ಅವನನ್ನು ಹೊಗಳುತ್ತಿದ್ದರು. ಅವರು ಕೊಟ್ಟ ಎಳನೀರಿನ ಗೊನೆ ಹೊತ್ತು ದೋಣಿ ಹತ್ತಿಬಿಟ್ಟ. ಆಮೇಲೆ ಆ ಬಂದರಿನ ಕಡೆ ತಲೆಹಾಕಿರಲಿಲ್ಲ.

ಎರಡು ತಿಂಗಳ ಹಿಂದೆ ಸಿಮೆಂಟಿನ ಅಂಗಡಿಯಲ್ಲಿ ದೋಣಿಯವನೇ ಎದುರಾದ. "ನೀವು ಅಷ್ಟು ಚೆಂದ ತೋಡಿಕೊಟ್ಟ ಬಾವೀನ ಎಣಿಕೆಯಮ್ಮ ಕೆಡಿಸಿದ್ಲು ಮೇಸ್ತ್ರಿ. ನಾಲ್ಕೈದು ವರ್ಷದ ಹಿಂದೆ ಮಗಳು ಬಾಣಂತಿ ಅಂತ ದಿನಾ ಎಣಿಕೆ ಮೀರಿ ಎರಡು ಕೊಡ ಜಾಸ್ತಿ ಕೊಟ್ಲಂತೆ. ಬಾವಿ ಬತ್ತಿ ಸಮುದ್ರದ ನೀರು ನುಗ್ತು. ಊರೋರು ಅವಳ ಕೈಯಿಂದ ಹಗ್ಗ ಕಿತ್ಕೊಂಡ್ರು."

ಅವತ್ತಿನಿಂದ ಮನೆಯಲ್ಲಿ ಲೋಟ ಎತ್ತಿದರೆ ಮೊದಲು ತುದಿನಾಲಿಗೆಯಲ್ಲಿ ನೋಡಿ ಆಮೇಲೆ ಕುಡಿಯುವುದು ಅವನಿಗೆ ಅಭ್ಯಾಸವಾಯಿತು. "ನೀರು ಕುಡಿಯೋಕೂ ಸಾಕ್ಷಿ ಬೇಕೇನು ನಿಮಗೆ?" ಎಂದು ಹೆಂಡತಿ ರೇಗಿಸಿದಳು. ಅವಳಿಗೂ ಹೇಳಲು ಬಾಯಿ ಬರಲಿಲ್ಲ. ಕೆರೆಯಂಗಳಕ್ಕೆ ಹೋಗಿ, ಅಂಟು ನೋಡಿ ನೋಡಿ, ಆರು ಮೂಟೆ ಮಣ್ಣು ತುಂಬಿಸಿದ.

ಮಧ್ಯಾಹ್ನಕ್ಕೆ ದ್ವೀಪ ಮುಟ್ಟಿದರು. ಸೊಂಟದುದ್ದ ನೀರಿನಲ್ಲಿ ದೋಣಿ ನಿಂತಿತು. "ಇಳಿತ ಶುರುವಾದ್ರೆ ದೋಣಿ ಮರಳಲ್ಲಿ ಕೂತುಬಿಡುತ್ತೆ" ಎಂದ ದೋಣಿಯವನು. "ಎರಡು ತಾಸು ಅಷ್ಟೆ. ಸೀಟಿ ಹೊಡೀತೀನಿ, ಬಂದ್ಬಿಡಿ. ಇಲ್ಲಾಂದ್ರೆ ಹದಿನೈದು ದಿನ ಇಲ್ಲೇ ಗತಿ."

ದಡದಲ್ಲಿ ಯಾರೋ ಅವನ ಗುರುತು ಹಿಡಿದರು. "ಮೇಸ್ತ್ರಿಗಳು ಬಂದ್ರು! ಎರಡನೇ ಬಾವಿ ತೋಡೋಕೆ ಬಂದಿದಾರೆ!" ಮೂಟೆಗಳು ಒಬ್ಬರ ತಲೆಯಿಂದ ಒಬ್ಬರ ತಲೆಗೆ ದಾಟಿ ದಡ ಸೇರಿದವು. ಊರ ಹಿರಿಯ ಅವನನ್ನು ತನ್ನ ಜಗಲಿಯಲ್ಲಿ ಕೂರಿಸಿ, ತಟ್ಟೆ ಮುಚ್ಚಿದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತಂದ.

"ಮಳೆನೀರು. ಕೊನೇ ಹಂಡೇದು. ನಿಮಗಲ್ದೆ ಇನ್ಯಾರಿಗೆ ಕೊಡೋಣ? ನೀವು ನೀರು ತೋರಿಸಿಕೊಟ್ರಿ, ಉಳಿಸಿಕೊಳ್ಳೋ ಯೋಗ್ಯತೆ ನಮಗಿರಲಿಲ್ಲ."

ಎರಡನೇ ಬಾವಿ ತೋಡಲು ಬಂದವನಲ್ಲ ಎನ್ನಬೇಕು ಎಂದು ಮೇಸ್ತ್ರಿ ಬಾಯಿ ತೆರೆದ. ತೆರೆದ ಬಾಯಿಗೆ ಲೋಟವನ್ನೇ ಇಟ್ಟುಕೊಂಡ. ಪೂರ್ತಿ ಕುಡಿದು ಮುಗಿಸಿದ.

ಮೂಟೆ ಹೊತ್ತು ತಂದವರಲ್ಲಿ ಎಣಿಕೆಯಮ್ಮನ ಮಗಳೂ ಇದ್ದಳು. ಅಮ್ಮ ಎಲ್ಲಿ ಎಂದು ಅವನು ಕೇಳಿದಾಗ ಅವಳು ಕುತ್ತಿಗೆ ಒರೆಸಿಕೊಳ್ಳುತ್ತ ಹೇಳಿದಳು: "ಅಮ್ಮ ಜನರ ನಡುವೆ ಬರಲ್ಲಣ್ಣ. ಮಳೆನೀರಲ್ಲಿ ಪಾಲೂ ತಗೊಳಲ್ಲ. ನಾನು ಮಾಡಿದ್ದನ್ನ ನಾನೇ ಕುಡೀಬೇಕು ಅಂತ ಆ ಸವುಳು ನೀರನ್ನೇ ಕುಡೀತಾಳೆ. ದಿನಾ ಒಂದು ಕೊಡ ನಾನೇ ಇಟ್ಟು ಬರ್ತೀನಿ." ಸೆರಗಿನ ಮಣ್ಣು ಕೊಡವುತ್ತ, "ನನ್ನ ಮಗಳಿಗೆ ಹೆಸರೇ ಇಟ್ಟಿದಾರೆ ಊರಲ್ಲಿ, ‘ಎರಡು ಕೊಡ’ ಅಂತ. ಪಾಪ, ಅದಕ್ಕೆ ಗೊತ್ತಿಲ್ಲ. ಮುದ್ದಿಗೆ ಇಟ್ಟ ಹೆಸರು ಅಂದ್ಕೊಂಡು, ಕರೆದ್ರೆ ನಕ್ಕೊಂಡು ಓಡ್ತಾಳೆ."

ಎಣಿಕೆಯಮ್ಮ ತನ್ನ ಹೊಸ್ತಿಲಲ್ಲಿ ಕುಳಿತು ತೆಂಗಿನ ನಾರು ಹೊಸೆಯುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವನನ್ನು ಕಂಡವಳೇ ಎದ್ದು ಸೆರಗು ಸರಿಮಾಡಿಕೊಂಡಳು.

"ಬಾ ತಮ್ಮಾ. ಯಾವ ಮುಖ ಇಟ್ಕೊಂಡು ನಿನ್ನ ನೋಡ್ಲಿ ಅಂತ ದಡಕ್ಕೆ ಬರಲಿಲ್ಲ. ನೀನು ಬೆವರು ಸುರಿಸಿ ತೋಡಿದ್ದನ್ನ ನಾನು ಎರಡು ಕೊಡದಾಸೆಗೆ ಹಾಳುಮಾಡ್ಕೊಂಡೆ. ಮನಸ್ಸಲ್ಲಿ ಇಟ್ಕೋಬೇಡ."

ದಡದಿಂದ ಸೀಟಿ ಕೇಳಿಸಿತು.

ಮೇಸ್ತ್ರಿಯ ಕಾಲು ತಾನಾಗಿಯೇ ಅತ್ತ ತಿರುಗಿತ್ತು. ಅದು ತಿರುಗಿದ್ದನ್ನು ಅವನೇ ನೋಡಿಕೊಂಡ. ಆಮೇಲೆ ಮರಳ ಮೇಲೆ ಕುಕ್ಕರಿಸಿದ.

"ಅಕ್ಕ, ಅದು ನಿಮ್ಮ ಎರಡು ಕೊಡದಿಂದ ಆಗಿದ್ದಲ್ಲ. ನೀವು ಸಾಕು ಅಂದ್ರೂ ನಾನು ಆ ಬಿಳಿ ಪದರ ಒಡೆದೆ. ಉಪ್ಪುನೀರು ಅದರ ಕೆಳಗಿತ್ತು. ನಾನೇ ಬಿಟ್ಟೆ ಒಳಗೆ."

ನಾರು ಹಿಡಿದ ಕೈ ನಿಂತಿತು.

"ಯಾವಾಗ ಗೊತ್ತಾಯ್ತು ನಿನಗೆ?"

"ಹೊರಡೋ ದಿನ ಬೆಳಿಗ್ಗೆ. ಬಾಯಲ್ಲಿ ಹಾಕಿ ನೋಡಿದ್ದೆ."

"ಅವತ್ತೇ ಹೇಳಿದ್ರೆ ಮುಚ್ಚೋಕಾಗ್ತಿತ್ತಾ?"

ಸುಳ್ಳು ಹೇಳಬಹುದಿತ್ತು. "ಅವತ್ತಾಗಿದ್ರೆ ಒಂದು ದಿನದ ಕೆಲಸ" ಎಂದ.

"ಒಂದು ದಿನದ ಕೆಲಸ." ಅವಳು ಅದನ್ನು ಅವನಿಗೆ ಹೇಳಲಿಲ್ಲ, ಕೈಯಲ್ಲಿದ್ದ ನಾರಿಗೆ ಹೇಳಿದಂತೆ ಹೇಳಿದಳು. ಸೀಟಿ ಮತ್ತೆ ಕೇಳಿತು. "ಹೋಗು, ಕರೀತಿದಾರೆ."

"ಹೋಗಲ್ಲ ಅಕ್ಕ."

"ಹಂಗಾದ್ರೆ ಎದ್ದೇಳು. ನನ್ನ ಕಿವಿಗೆ ಹೇಳಿದ್ರೆ ಏನು ಬಂತು? ನನ್ನ ಹಗ್ಗ ನಾನೇ ಕಿತ್ಕೊಂಡೆನಾ?"

ಅವಳು ಮುಂದೆ, ಅವನು ಹಿಂದೆ. ದೋಣಿಯನ್ನು ಬೀಳ್ಕೊಡಲು ಊರೆಲ್ಲ ದಡದಲ್ಲಿತ್ತು. ಎಣಿಕೆಯಮ್ಮನನ್ನು ಅಲ್ಲಿ ಕಂಡು ಮಾತುಗಳು ತಗ್ಗಿದವು. ಮೇಸ್ತ್ರಿ ಹೇಳಿದ. ಎರಡು ಸಲ ಹೇಳಬೇಕಾಯಿತು. ಮೊದಲ ಸಲ ಯಾರೂ ನಂಬಲಿಲ್ಲ. ಸೊಂಟದುದ್ದ ನೀರಲ್ಲಿ ನಿಂತಿದ್ದ ದೋಣಿಯವನು ಬಾಯಿಂದ ಸೀಟಿ ತೆಗೆದ.

ಹಿರಿಯ ಮುಂದೆ ಬಂದ. "ಇದನ್ನೆಲ್ಲ ಹೊಟ್ಟೇಲಿಟ್ಕೊಂಡು ನಮ್ಮ ಕೊನೇ ಹಂಡೆ ನೀರು ಕುಡಿದ್ಯಲ್ಲೋ" ಎಂದ. ಒಬ್ಬಳು ಹೆಂಗಸು "ಆದ್ರೂ ಆ ಎರಡು ಕೊಡ" ಎಂದು ಬಾಯಿಬಿಟ್ಟವಳು, ಎಣಿಕೆಯಮ್ಮನ ಮಗಳ ಮುಖ ನೋಡಿ ಅರ್ಧಕ್ಕೇ ನುಂಗಿಕೊಂಡಳು. ದೋಣಿ ಅವನನ್ನು ಬಿಟ್ಟು ಹೋಯಿತು.

ಮರುದಿನ ಇಳಿತದ ಹೊತ್ತಿಗೆ, ಅವನು ತಂದ ಮಣ್ಣಿನಿಂದ ತೂತು ಮುಚ್ಚಲೆಂದು, ಊರವರು ಸಾಲಾಗಿ ನಿಂತು ಬಾವಿಯ ನೀರು ಎತ್ತಿ ಹೊರಚೆಲ್ಲಿದರು. ಅವನೊಡನೆ ಯಾರೂ ಮಾತಾಡಲಿಲ್ಲ. ಹಿರಿಯ ಹಗ್ಗ ತಂದು ಎಣಿಕೆಯಮ್ಮನ ಕಾಲ ಬಳಿ ಇಟ್ಟು, ಅವಳ ಮುಖ ನೋಡದೆ ಸರಿದು ನಿಂತ. ಅವಳು ಅದನ್ನು ಕೂಡಲೇ ಎತ್ತಿಕೊಳ್ಳಲಿಲ್ಲ. ಎಲ್ಲರೂ ಕಾದರು.

"ಮುಚ್ಚಿದ್ರೆ ಸಿಹಿ ಆಗುತ್ತಾ?" ಎಂದು ಕೇಳಿದಳು.

"ಎರಡು ಮೂರು ಮಳೆಗಾಲ ಬೇಕು. ಆಗದೇನೂ ಇರಬಹುದು ಅಕ್ಕ."

ಅವಳು ಹಗ್ಗ ಎತ್ತಿ ಅವನ ಸೊಂಟಕ್ಕೆ ತಾನೇ ಬಿಗಿದಳು.

ಅವನು ಮೊಣಕಾಲುದ್ದ ನೀರಲ್ಲಿ ನಿಂತು, ಬುಟ್ಟಿಯಲ್ಲಿ ಇಳಿದು ಬಂದ ಮಣ್ಣಿನ ಉಂಡೆಗಳನ್ನು ತಾನೇ ಒಡೆದ ತೂತಿಗೆ ಒತ್ತಿ, ಹಿಮ್ಮಡಿಯಿಂದ ತುಳಿದ. ಐದನೇ ಮೂಟೆಗೆ ತಳ ಬಿಳಿ ಪದರಕ್ಕೆ ಸಮವಾಯಿತು. ಸೊಂಟ ಹಿಡಿದುಹೋಗಿತ್ತು. ತಲೆಯೆತ್ತಿ ಕೂಗಿದ.

"ಸಾಕಾ ಅಕ್ಕ?"

ಮೇಲೆ ಬೆಳಕಿಗೆ ಅಡ್ಡಲಾಗಿ ಅವಳ ತಲೆ ಬಗ್ಗಿತು. ಕೈಯಲ್ಲಿ ಹಗ್ಗ ಬಿಗಿಯಾಗಿತ್ತು.

"ಸಾಕು ಅನ್ನೋದು ನನಗೆ ಬಿಡು" ಎಂದಳು. "ನೀನು ತುಳಿ."

ಆರನೆಯ ಮೂಟೆಯ ಮಣ್ಣು ಇಳಿದು ಬಂತು. ಅವನು ತುಳಿದ.